ಬ್ರಿಸ್ಟಲ್ ರೆಕಾರ್ಡಿಂಗ್‌ಗೆ ನೂರು: ಯಾವ ತಾರೀಕಿಗೆ ಹೋಗೋದು?

ಅಮೆರಿಕದ ಬ್ರಿಸ್ಟಲ್ ಊರಿನ ಈ ರಸ್ತೆ ನಡುವೆ ಮಿಂಚ್ತಿದೆಯಲ್ಲ ಹಿತ್ತಾಳೆ ಬಿಲ್ಲೆ, ಅದೇ ಎರಡು ರಾಜ್ಯಗಳ ಗಡಿ. ಈ ಕಡೆ ಟೆನೆಸಿ, ಆ ಕಡೆ ವರ್ಜೀನಿಯಾ. ಇಲ್ಲೇ ಒಂದು ಟೋಪಿ ಕಂಪನಿ ಕಟ್ಟಡದಲ್ಲಿ 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ನಿರ್ಮಾಪಕ ರಾಲ್ಫ್ ಪಿಯರ್ ವಿಕ್ಟರ್ ಅನ್ನೋ ರೆಕಾರ್ಡ್ ಕಂಪನಿಗೆ 76 ಹಾಡು (ಕಂಟ್ರಿ, ಅಂದ್ರೆ ಅಮೆರಿಕದ ಹಳ್ಳಿಗಾಡಿನ ಸಂಗೀತ) ರೆಕಾರ್ಡ್ ಮಾಡಿದ್ದು. 2027ಕ್ಕೆ ನೂರು ವರ್ಷ. ಕಟ್ಟಡ ಹುಡುಕೋಕೆ ಹೋಗ್ಬೇಡಿ, ಅದು ಈಗಿಲ್ಲ.

ಶತಮಾನೋತ್ಸವಕ್ಕೆ ಬರೋದಾದ್ರೆ ಆಗಸ್ಟ್ 1ಕ್ಕೇ ಬನ್ನಿ. ಕಾರ್ಟರ್ ಕುಟುಂಬ ಅನ್ನೋ ಹಾಡುಗಾರರ ತಂಡ ಮೊದಲ ನಾಲ್ಕು ಹಾಡು ಹಾಡಿದ ದಿನ ಅದು. ತಂಡದಲ್ಲಿ ಗಿಟಾರ್ ನುಡಿಸ್ತಿದ್ದ ಮೇಬೆಲ್‌ಗೆ ಆಗ 18, ತುಂಬು ಬಸುರಿ. ಗಿಟಾರ್‌ನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಲ್ಲಿ ರಾಗ, ಸಣ್ಣ ತಂತಿಗಳ ಮೇಲೆ ತೋರುಬೆರಳಲ್ಲಿ ಲಯ, ಎರಡೂ ಒಟ್ಟಿಗೆ. ಇದನ್ನ ಕೇಳಿದ ಮೇಲೆ ಬೇರೆ ತಾರೀಕು ಬೇಕಾ?

ಆದ್ರೆ ಆಗಸ್ಟ್ 4 ಗಾಯಕ ಜಿಮ್ಮಿ ರಾಜರ್ಸ್ ಇಲ್ಲಿ ಹಾಡಿದ ದಿನ. ಅದನ್ನ ಬಿಡೋದು ಹೇಗೆ? ನಾಲ್ಕು ದಿನ ಇದ್ದುಬಿಡಿ, ಅದೇ ಸರಿ.

ಆಗ ರೆಕಾರ್ಡ್ ಮಾಡ್ತಿದ್ದದ್ದು ತಿರುಗೋ ಮೇಣದ ತಟ್ಟೆ ಮೇಲೆ. ಅದನ್ನ ತಿರುಗಿಸ್ತಿದ್ದದ್ದು ಕರೆಂಟ್ ಅಲ್ಲ, ಕೆಳಗಿಳಿಯೋ ಭಾರ. ವೇಗ ಏರುಪೇರಾದ್ರೆ ಶ್ರುತಿಯೇ ಕೆಡುತ್ತೆ. ಹಾಡು ಮೂರು ನಿಮಿಷದ ಆಸುಪಾಸಲ್ಲೇ ಮುಗೀಬೇಕು. ಮುಳ್ಳಿಟ್ಟು ಕೇಳಿದ್ರೆ ಮೇಣದ ಗೀರು ಹಾಳು, ಅಚ್ಚಿಗೆ ಬರಲ್ಲ. ಅದಕ್ಕೇ ಒಂದೇ ಹಾಡನ್ನ ಎರಡೆರಡು ಸಲ ಹಾಡಿಸೋದು.

ಇನ್ನು ದುಡ್ಡು. ಹಾಡಿಗೆ 50 ಡಾಲರ್. ಬೆಟ್ಟದೂರಿನವರಿಗೆ ದೊಡ್ಡ ಮೊತ್ತ, ಜೊತೆಗೆ ಚಿಲ್ಲರೆ ಸೆಂಟಿನ ರಾಯಲ್ಟಿ. ಪಿಯರ್ ಮಾತ್ರ ವಿಕ್ಟರ್‌ನಿಂದ ಸಂಬಳ ಬೇಡ ಅಂದ್ರು, ಹಾಡುಗಳ ಪ್ರಕಾಶನ ಹಕ್ಕು ಇಟ್ಕೊಂಡ್ರು. ಅದಕ್ಕೇ ಅವರಿಗೆ ಬೇಕಿದ್ದದ್ದು ಯಾರ ಹಕ್ಕೂ ಇಲ್ಲದ ಹಾಡು: ಹೊಸದಾಗಿ ಕಟ್ಟಿದ್ದು, ಇಲ್ಲಾ ಹಳೇದನ್ನ ತಿದ್ದಿದ್ದು. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಆಮೇಲೆ ಊರೂರು ಅಲೆದು ಹಾಡು ಕೂಡಿಸಿದ್ದು ಸುಮ್ನೆ ಅಲ್ಲ. ಪಿಯರ್ ಕಿವಿಯನ್ನ ಎಲ್ಲರೂ ಹೊಗಳ್ತಾರೆ. ನನ್ನ ಕೇಳಿದ್ರೆ ಶತಮಾನೋತ್ಸವದಲ್ಲಿ ಈ ಕರಾರಿನ ಬಗ್ಗೆ ಒಂದು ಇಡೀ ಗೋಷ್ಠಿ ನಡೀಬೇಕು.

ಹಾಂ, ಬ್ರಿಸ್ಟಲ್‌ನದನ್ನ ಕಂಟ್ರಿಯ ಮೊಟ್ಟಮೊದಲ ರೆಕಾರ್ಡಿಂಗ್ ಅನ್ಬೇಡಿ, ತಪ್ಪು. ಎಕ್ ರಾಬರ್ಟ್‌ಸನ್ 1922ರಲ್ಲೇ ನ್ಯೂಯಾರ್ಕ್‌ನಲ್ಲಿ ಪಿಟೀಲು ನುಡಿಸಿ ರೆಕಾರ್ಡ್ ಮಾಡಿದ್ರು. ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಕಂಟ್ರಿ ರೇಡಿಯೋ ಕಾರ್ಯಕ್ರಮಕ್ಕೆ 2025ರ ನವೆಂಬರ್ 28ಕ್ಕೇ ನೂರು ತುಂಬಿತು. ಅಲ್ಲಿ ಮೊದಲ ದಿನ ಪಿಟೀಲು ಹಿಡಿದ ಅಂಕಲ್ ಜಿಮ್ಮಿ ಥಾಂಪ್ಸನ್... ಅಯ್ಯೋ, ಕಂಟ್ರಿ ಸಂಗೀತದ ಮ್ಯೂಸಿಯಂ ಬಂದೇಬಿಡ್ತು. ಇದು ವರ್ಜೀನಿಯಾ ಕಡೆ, 2014ರ ಆಗಸ್ಟ್ 1ಕ್ಕೆ ತೆರೆದಿದ್ದು. ಬನ್ನಿ, ಒಳಗೆ ಹೋಗೋಣ.