ಜೇನು ಬರುವ ಮೊದಲು ಪೆಟ್ಟಿಗೆಗೆ ಬಣ್ಣ

ಕೇಳುಗರಿಗೆ ನಮಸ್ಕಾರ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1962ರಲ್ಲಿ ಆರಂಭಿಸಿದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇರುವುದು ನಮ್ಮ ಪುಣೆಯಲ್ಲಿಯೇ. ಊರಿನಲ್ಲಿ ಮರದ ಪೊಟರೆಯ ತುಡುವೆ ಜೇನನ್ನು ನೋಡುತ್ತ ಬೆಳೆದು, ಈಗ ಮುಳಶಿಯಲ್ಲೋ ಭೋರ್‌ನಲ್ಲೋ ತುಂಡು ಜಮೀನು ಮಾಡಿಕೊಂಡು, ಇಲ್ಲಿನವರು ಸಾತೇರಿ ಎಂದು ಕರೆಯುವ ಅದೇ ಜೇನನ್ನು ಸಾಕಲು ಹೊರಟಿರುವ ಕನ್ನಡಿಗರಿಗಾಗಿ ಈ ಮಾತು.

ಬಣ್ಣ ಪೆಟ್ಟಿಗೆಯ ಹೊರಮೈಗೆ ಮಾತ್ರ. ಪೆಟ್ಟಿಗೆಯೊಳಗಿನ ಜೇನು ಕುಟುಂಬದ ಉಸಿರಿನಿಂದಲೂ ಆರುತ್ತಿರುವ ಮಕರಂದದಿಂದಲೂ ಏಳುವ ತೇವವನ್ನು ಬರಿಯ ಮರ ಹೀರಿಕೊಳ್ಳುತ್ತದೆ. ಆದ್ದರಿಂದ ಒಳಗೋಡೆ, ಚೌಕಟ್ಟುಗಳು ಮತ್ತು ಕೋಣೆಯ ಮೇಲೆ ಕೋಣೆ ಕೂರುವ ಅಂಚುಗಳನ್ನು ಕುಂಚ ಮುಟ್ಟಬಾರದು. ಹೊರಗೆ ಮಾತ್ರ ಜಿಪುಣತನ ಬೇಡ. ಹಲಗೆಯನ್ನು ಅಡ್ಡ ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿ: ಅಲ್ಲಿ ಮರದ ನಾಳಗಳು ಬಾಯಿ ತೆರೆದಿರುತ್ತವೆ, ಮೊದಲ ಲೇಪವನ್ನು ನೋಡುನೋಡುತ್ತಲೇ ಕುಡಿದುಬಿಡುತ್ತವೆ. ಮುಳಶಿಯ ಮಳೆ ಒಳಹೊಕ್ಕು ಮೂಲೆಯ ಜೋಡಣೆಯನ್ನು ಕೊಳೆಸುವುದು ಅಲ್ಲಿಂದಲೇ. ಆ ತುದಿಗಳಿಗೆ ಮೂರು ಲೇಪ ಕೊಡುವುದು ನನ್ನ ರೂಢಿ.

ಬಣ್ಣ ಯಾವುದು? ಜೇನ್ನೊಣಗಳಿಗೆ ಬಣ್ಣದ ಅರಿವಿದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ ಸಕ್ಕರೆ ನೀರಿನ ಬಟ್ಟಲುಗಳನ್ನು ಬಣ್ಣದ ಕಾಗದದ ಮೇಲಿಟ್ಟು ತೋರಿಸಿಕೊಟ್ಟರು. ಜೇನ್ನೊಣಗಳ ಬದುಕಿನ ಬಗೆಗಿನ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಜೇನ್ನೊಣಕ್ಕೆ ನೀಲಿ, ಹಳದಿ ಚೆನ್ನಾಗಿ ಬೇರೆಬೇರೆಯಾಗಿ ಕಾಣುತ್ತವೆ. ಕೆಂಪು ಕಾಣುವುದಿಲ್ಲ, ಅದು ಕಪ್ಪಿನಂತೆಯೇ. ಸಾಲಾಗಿ ಇಟ್ಟ ಪೆಟ್ಟಿಗೆಗಳೆಲ್ಲ ಒಂದೇ ಬಣ್ಣದವಾದರೆ ಮೇವಿನಿಂದ ಮರಳುವ ನೊಣ ನೆರೆಮನೆ ಹೊಕ್ಕು ಕಾವಲು ನೊಣಗಳೊಡನೆ ಕಾದಾಡಬೇಕಾಗಬಹುದು, ರೋಗವಿದ್ದರೆ ಅದನ್ನೂ ಹೊತ್ತೊಯ್ಯಬಹುದು. ಆದ್ದರಿಂದ ತಿಳಿನೀಲಿ, ತಿಳಿಹಳದಿ, ಬಿಳಿ ಎಂದು ಬದಲಿಸುತ್ತ ಹೋಗುವುದು ಒಳ್ಳೆಯದು. ತಿಳಿಬಣ್ಣವೇ ಏಕೆಂದರೆ, ಮರಿಗಳಿರುವ ಮೇಣದ ಎರಿಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಬೇಕಾದ ಕೆಲಸಗಾರ ನೊಣಗಳಿಗೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗಾಢಬಣ್ಣದ ಪೆಟ್ಟಿಗೆ ದೊಡ್ಡ ಶಿಕ್ಷೆ.

ಇನ್ನು ಕಾಲದ ಮಾತು. ಇದನ್ನು ನಾನು ನಷ್ಟದಿಂದ ಕಲಿತೆ. ಒಂದು ವರ್ಷ ಎಣ್ಣೆಬಣ್ಣ ಬಳಿದ ನಾಲ್ಕನೆಯ ದಿನವೇ ಕುಟುಂಬವನ್ನು ತಂದು ಕೂಡಿಸಿದೆ. ಕೈಗೆ ಬಣ್ಣ ಅಂಟುತ್ತಿರಲಿಲ್ಲ, ಆದರೆ ಮುಚ್ಚಳ ಎತ್ತಿದರೆ ಘಾಟು ಮೂಗಿಗೆ ಬಡಿಯುತ್ತಿತ್ತು. ನೊಣಗಳು ಎರಿ ಬಿಟ್ಟು ಬಾಗಿಲ ಹಲಗೆಯ ಮೇಲೆ ಗೊಂಚಲುಗಟ್ಟಿದವು. ಮೂರನೆಯ ಮಧ್ಯಾಹ್ನ ಪೆಟ್ಟಿಗೆ ಬರಿದಾಗಿತ್ತು. ತುಡುವೆ ಸಹಿಸದಿದ್ದರೆ ಮನೆಯನ್ನೇ ತೊರೆಯುವ ಜಾತಿ. ಅಂದಿನಿಂದ ನೀರಿನಲ್ಲಿ ಕಲಸುವ, ಸೀಸವಿಲ್ಲದ ಹೊರಗೋಡೆಯ ಬಣ್ಣವನ್ನೇ ತರುತ್ತೇನೆ. ಮಳೆ ಮುಗಿದ ಅಕ್ಟೋಬರ್ ಬಿಸಿಲಿನಲ್ಲಿ ಬಳಿದು, ಮುಚ್ಚಳ ತೆಗೆದು ಎರಡು ಮೂರು ವಾರ ಗಾಳಿಗಿಡುತ್ತೇನೆ. ಪೆಟ್ಟಿಗೆಯೊಳಗೆ ಮುಖವಿಟ್ಟು ಮೂಸಿದಾಗ ಮರದ ವಾಸನೆಯಷ್ಟೇ ಬರಬೇಕು. ಬಾಗಿಲ ಸಂದಿಯಲ್ಲಿ ಗಟ್ಟಿಯಾದ ಬಣ್ಣದ ತೊಟ್ಟುಗಳನ್ನು ಆಗಲೇ ಕೆರೆದು ತೆಗೆಯಬೇಕು.

ಕುಟುಂಬವನ್ನು ಸಂಜೆ ಕತ್ತಲಾಗುವ ಹೊತ್ತಿಗೆ ಕೂಡಿಸಿ, ಮರುದಿನ ಬಿಸಿಲೇರುವಾಗ ಸ್ವಲ್ಪ ದೂರ ನಿಂತು ನೋಡಿ. ಹೊರಬಂದ ನೊಣ ನೇರವಾಗಿ ಹಾರಿಹೋಗುವುದಿಲ್ಲ. ಹಿಂದಿರುಗಿ, ಮುಖವನ್ನು ಪೆಟ್ಟಿಗೆಯ ಕಡೆಗೇ ಇಟ್ಟುಕೊಂಡು, ಎಡಕ್ಕೂ ಬಲಕ್ಕೂ ತೂಗುತ್ತ, ನೀವು ಬಳಿದ ನೀಲಿಯನ್ನು ನೋಡಿಕೊಂಡೇ ಹಿಂದೆ ಹಿಂದೆ ಸರಿಯುತ್ತದೆ.