ಕಟ್ಟಿದ ಲೋಕಕ್ಕೆ ವಾಪಸ್ ಹೋದವರು: ನನ್ನ ಇಷ್ಟದ ಫ್ಯಾಂಟಸಿ ಸರಣಿಗಳು

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಪುಸ್ತಕದ ಬೀರು. ಮೇಲಿನ ಎರಡು ಸಾಲು ಪೂರ್ತಿ ಫ್ಯಾಂಟಸಿ ಸರಣಿಗಳೇ. ಯಾವುದು ಇಷ್ಟ, ಯಾಕೆ ಇಷ್ಟ ಅಂತ ತುಂಬಾ ಜನ ಕೇಳುತ್ತಿರುತ್ತೀರಿ. 'ಟಾಪ್ ಟೆನ್' ಪಟ್ಟಿ ನನ್ನ ಕೈಲಿ ಆಗುವುದಿಲ್ಲ. ಅಂಥ ಪಟ್ಟಿಗಳಲ್ಲಿ ಅರ್ಧ ಪುಸ್ತಕ ಲೆಕ್ಕ ತುಂಬಿಸೋಕೆ ಬಂದಿರುತ್ತವೆ. ಹಾಗಾಗಿ ಇವತ್ತು ಮೂರೇ ಸರಣಿ. ಅದರಲ್ಲೂ ಒಂದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ, ಪಕ್ಷಪಾತ ಅಂದುಕೊಂಡರೂ ಪರವಾಗಿಲ್ಲ. ಇನ್ನೊಂದು ವಿಷಯ, ಕಥೆಯ ಗುಟ್ಟುಗಳನ್ನು ಅಲ್ಲಲ್ಲಿ ಬಿಟ್ಟುಕೊಡುತ್ತೇನೆ. ಬೇಡ ಅನ್ನುವವರು ಓದಿಕೊಂಡು ಬಂದು ವಿಡಿಯೋ ನೋಡಿ.

ಮೊದಲು ಟೋಲ್ಕಿನ್. 'ದಿ ಹಾಬಿಟ್' ಐದನೇ ಅಧ್ಯಾಯ ಓದಿದವರಿಗೆ ನೆನಪಿರುತ್ತದೆ. ಬೆಟ್ಟದೊಳಗಿನ ಕತ್ತಲೆ, ತಣ್ಣನೆಯ ಕೊಳ, ಕಥಾನಾಯಕ ಬಿಲ್ಬೊ ಮತ್ತು ಆ ಕತ್ತಲೆಯಲ್ಲೇ ಬದುಕುವ ಗೊಲ್ಲಮ್ ಅನ್ನುವ ಜೀವಿಯ ನಡುವೆ ಒಗಟಿನ ಪಂದ್ಯ. ಬಿಲ್ಬೊ ಸೋತರೆ ಗೊಲ್ಲಮ್‌ಗೆ ಊಟ. ಗೆದ್ದರೆ ಹೊರಗೆ ಹೋಗುವ ದಾರಿ. ತನ್ನ ಮಾಯಾ ಉಂಗುರ ಹೋಯಿತು ಅಂತ ಗೊತ್ತಾದಾಗ ಗೊಲ್ಲಮ್ ಚೀರಾಡುತ್ತಾನಲ್ಲ, ಅದನ್ನು ಮರೆಯೋಕೆ ಆಗಲ್ಲ.

ಆದರೆ 1937ರಲ್ಲಿ ಈ ಪುಸ್ತಕ ಮೊದಲು ಬಂದಾಗ ಆ ಚೀರಾಟ ಇರಲೇ ಇಲ್ಲ. ಆ ಆವೃತ್ತಿಯಲ್ಲಿ ಗೊಲ್ಲಮ್ ಮಾತಿಗೆ ತಪ್ಪದ ಆಸಾಮಿ. ಗೆದ್ದವನಿಗೆ ಉಂಗುರವನ್ನೇ ಬಹುಮಾನ ಕೊಡುತ್ತೇನೆ ಅನ್ನುತ್ತಾನೆ. ಸೋತ ಮೇಲೆ ಹುಡುಕುತ್ತಾನೆ, ಸಿಗುವುದಿಲ್ಲ. ಪಾಪ, ಕ್ಷಮೆ ಕೇಳುತ್ತಾನೆ! ಉಂಗುರ ಬಿಲ್ಬೊ ಜೇಬಿನಲ್ಲೇ ಇದೆ. ಬಿಲ್ಬೊ ಸುಮ್ನೆ ಇದ್ದು, ಸರಿ ಬಿಡು, ದಾರಿ ತೋರಿಸು ಸಾಕು ಅನ್ನುತ್ತಾನೆ. ಗೊಲ್ಲಮ್ ದಾರಿ ತೋರಿಸಿ ಕಳಿಸುತ್ತಾನೆ. ಅಷ್ಟೇ ಕಥೆ.

ಆಮೇಲೆ ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯೋಕೆ ಕೂತರು. ಬರೆಯುತ್ತಾ ಬರೆಯುತ್ತಾ ಆ ಪುಟ್ಟ ಉಂಗುರವೇ ಇಡೀ ಲೋಕವನ್ನು ಹಾಳು ಮಾಡಬಲ್ಲ ವಸ್ತುವಾಯಿತು. ಒಮ್ಮೆ ಕೈಗೆ ಬಂದರೆ ಯಾರೂ ಬಿಟ್ಟುಕೊಡಲಾರದ ವಸ್ತು. ಅಂಥದ್ದನ್ನು ಗೊಲ್ಲಮ್ ಪಂದ್ಯದ ಬಹುಮಾನ ಮಾಡುತ್ತಾನಾ? ಸಾಧ್ಯವೇ ಇಲ್ಲ. ಹೀಗಾಗಿ ಅಧ್ಯಾಯವನ್ನು ಹೊಸದಾಗಿ ಬರೆದು, ಹೀಗಿದ್ದರೆ ಹೇಗೆ ಅಂತ ಒಂದು ನಮೂನೆಯಾಗಿ ಪ್ರಕಾಶಕರಿಗೆ ಕಳಿಸಿದರು. ಪ್ರಕಾಶಕರು ಅದನ್ನೇ 1951ರ ಆವೃತ್ತಿಗೆ ಸೇರಿಸಿಬಿಟ್ಟರು. ಕರಡಚ್ಚು ಕೈಗೆ ಬಂದಾಗ ಟೋಲ್ಕಿನ್‌ಗೇ ಆಶ್ಚರ್ಯ.

ಹಾಗಾದರೆ ಹಳೇ ಪುಸ್ತಕ ಓದಿದವರ ಗತಿ? ಇಲ್ಲಿದೆ ನೋಡಿ ಟೋಲ್ಕಿನ್ ಅವರ ಜಾಣತನ. ಹಳೆಯ ಕಥೆ ಬಿಲ್ಬೊ ಹೇಳಿದ ಸುಳ್ಳು ಅಂದುಬಿಟ್ಟರು! ಉಂಗುರ ತನ್ನದೇ ಅನ್ನಿಸಿಕೊಳ್ಳೋಕೆ ಬಿಲ್ಬೊ ಕಟ್ಟಿದ ಕಥೆ ಅದು. ಅಷ್ಟು ಪ್ರಾಮಾಣಿಕ ಮನುಷ್ಯ ಯಾಕೆ ಸುಳ್ಳು ಹೇಳಿದ ಅಂತಲೇ ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಉಂಗುರದ ಮೇಲೆ ಅನುಮಾನ ಬರುವುದು. ಲೇಖಕ ಮನಸ್ಸು ಬದಲಾಯಿಸಿದ್ದೇ ಕಥೆಯ ಒಳಗಿನ ಘಟನೆಯಾಯಿತು. ನನಗೆ ಇದು ಯಾವ ಡ್ರ್ಯಾಗನ್‌ಗಿಂತ ದೊಡ್ಡ ಮಾಯಾಜಾಲ.

ಸರಣಿಗಳನ್ನು ನಾನು ಪ್ರೀತಿಸುವುದು ಇದಕ್ಕೇ. ಕೋಟೆ, ಕತ್ತಿ, ಮಂತ್ರ ಎಲ್ಲಾ ಚೆನ್ನಾಗಿಯೇ ಇರುತ್ತವೆ. ಆದರೆ ಸರಣಿ ಬರೆಯೋಕೆ ವರ್ಷಗಟ್ಟಲೆ ಹಿಡಿಯುತ್ತದೆ. ಶುರು ಮಾಡಿದಾಗ ಮೂವತ್ತೆಂಟು ವಯಸ್ಸಿದ್ದವರು ಮುಗಿಸುವಾಗ ಎಪ್ಪತ್ತು ದಾಟಿರುತ್ತಾರೆ. ಅಷ್ಟರಲ್ಲಿ ತಾವೇ ಕಟ್ಟಿದ ಲೋಕದ ಬಿರುಕು ಅವರಿಗೆ ಕಾಣೋಕೆ ಶುರುವಾಗುತ್ತದೆ. ಆಗ ಏನು ಮಾಡುತ್ತಾರೆ ಅನ್ನುವುದೇ ನನಗೆ ಕುತೂಹಲ.

ವಯಸ್ಸಿನ ಲೆಕ್ಕ ಸುಮ್ಮನೆ ಹೇಳಿದ್ದಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರದ್ದು. ಈಗ ತೋರಿಸುತ್ತಿರುವುದು ಅವರ ಅರ್ತ್‌ಸೀ ಸರಣಿ. ಮೊದಲ ಪುಸ್ತಕ 'ಎ ವಿಝರ್ಡ್ ಆಫ್ ಅರ್ತ್‌ಸೀ', 1968. ಕೊನೆಯದು 2001. ಒಟ್ಟು ಆರು ಪುಸ್ತಕ. ಎಲ್ಲವೂ ತೆಳ್ಳಗೆ, ಬ್ಯಾಗಿನಲ್ಲಿ ಹಿಡಿಸುವಷ್ಟು. ಈಗಿನ ಎಂಟುನೂರು ಪುಟದ ಇಟ್ಟಿಗೆಗಳ ಪಕ್ಕ ಇಟ್ಟರೆ ಕಾಣುವುದೇ ಇಲ್ಲ.

ಇದು ಹುಟ್ಟಿದ್ದು ಒಂದು ಸರಳ ಪ್ರಶ್ನೆಯಿಂದ. ಕಥೆಗಳಲ್ಲಿ ಮಾಂತ್ರಿಕರು ಯಾವಾಗಲೂ ಬಿಳಿ ಗಡ್ಡದ ಮುದುಕರು. ಅವರೂ ಒಂದು ಕಾಲಕ್ಕೆ ಹುಡುಗರಾಗಿದ್ದರು ತಾನೆ? ಆ ವಿದ್ಯೆ ಎಲ್ಲಿ ಕಲಿತರು? ಹೀಗೆ ರೋಕ್ ಅನ್ನುವ ದ್ವೀಪದಲ್ಲಿ ಮಾಂತ್ರಿಕರ ಶಾಲೆ ತಲೆಯೆತ್ತಿತು. ಹ್ಯಾರಿ ಪಾಟರ್ ಬರುವುದು 1997ಕ್ಕೆ, ಅಂದರೆ 29 ವರ್ಷ ಆದ ಮೇಲೆ. ಲೆ ಗ್ವಿನ್ ಮೊದಲು ಮಾಡಿದ ಕೆಲಸ ಒಂದು ದೊಡ್ಡ ಹಾಳೆಯ ಮೇಲೆ ದ್ವೀಪಗಳ ನಕಾಶೆ ಬರೆದದ್ದು. ಸಮುದ್ರದ ತುಂಬಾ ದ್ವೀಪಗಳು. ಒಬ್ಬೊಬ್ಬ ಮಾಂತ್ರಿಕನೂ ದೋಣಿ ನಡೆಸೋಕೆ ಗೊತ್ತಿರಲೇಬೇಕು.

ನಾಯಕ ಗೆಡ್. ಗಾಂಟ್ ಅನ್ನುವ ಗುಡ್ಡಗಾಡು ದ್ವೀಪದಲ್ಲಿ ಮೇಕೆ ಕಾಯುವ ಹುಡುಗ. ತಾಯಿ ಇಲ್ಲ. ಊರಿನ ಮಂತ್ರಗಾತಿ ಸೋದರತ್ತೆ... ಅಲ್ಲ, ಚಿಕ್ಕಮ್ಮ. ತಾಯಿಯ ಅಕ್ಕತಂಗಿಯರಲ್ಲಿ ಒಬ್ಬಳು. ಮೇಕೆಗಳನ್ನು ಕರೆಯುವ ಮಂತ್ರವನ್ನು ಅವಳ ಬಾಯಿಂದಲೇ ಕೇಳಿ ಕಲಿಯುತ್ತಾನೆ. ಗೆಡ್‌ನ ಮೈಬಣ್ಣ ತಾಮ್ರದಂಥ ಕಂದು. ಅವನ ಗೆಳೆಯ ವೆಚ್ ಇನ್ನೂ ಕಪ್ಪು. ದಾಳಿ ಮಾಡಿ ಊರು ಸುಡುವವರು ಬಿಳಿಯರು. 1968ರಲ್ಲಿ ಬೇಕೆಂದೇ ಹೀಗೆ ಬರೆದದ್ದು. ಆದರೂ ಮುಂದೆ ಎಷ್ಟೋ ಮುಖಪುಟಗಳಲ್ಲಿ ಗೆಡ್ ಬೆಳ್ಳಗಾಗಿಬಿಟ್ಟ. 2004ರಲ್ಲಿ ಅಮೆರಿಕದ ಟಿವಿಗೆ ಇದನ್ನು ಕಿರು ಸರಣಿ ಮಾಡಿದಾಗಲೂ ಬಿಳಿಯ ನಟನನ್ನೇ ಹಾಕಿದರು. ಲೆ ಗ್ವಿನ್ ಸುಮ್ಮನಿರಲಿಲ್ಲ, ಲೇಖನ ಬರೆದು ತರಾಟೆಗೆ ತೆಗೆದುಕೊಂಡರು. ನಮ್ಮ ಕಡೆಯ ಓದುಗರಿಗೆ ಇದೊಂದು ಕಾರಣ ಸಾಕು ಗೆಡ್‌ನನ್ನು ಮೆಚ್ಚೋಕೆ. ಇಂಗ್ಲಿಷ್ ಫ್ಯಾಂಟಸಿಯಲ್ಲಿ ನಮ್ಮಂಥ ಬಣ್ಣದವರು ಸಾಮಾನ್ಯವಾಗಿ ದೂರದ ಶತ್ರು ಸೈನ್ಯದಲ್ಲೇ ಇರುತ್ತಾರೆ, ಅಲ್ವಾ?

ಅರ್ತ್‌ಸೀಯಲ್ಲಿ ಮಾಂತ್ರಿಕ ವಿದ್ಯೆ ಅಂದರೆ ಹೆಸರು. ಪ್ರತಿ ವಸ್ತುವಿಗೂ, ಪ್ರತಿ ಮನುಷ್ಯನಿಗೂ ಒಂದು ನಿಜವಾದ ಹೆಸರಿದೆ. ಅದು ಗೊತ್ತಿದ್ದರೆ ಆ ವಸ್ತು ನಿಮ್ಮ ಮಾತು ಕೇಳುತ್ತದೆ. ಹಾಗಾಗಿ ಯಾರೂ ತಮ್ಮ ನಿಜವಾದ ಹೆಸರು ಬಾಯಿ ಬಿಡುವುದಿಲ್ಲ. ಊರಿಗೆಲ್ಲ ಗೊತ್ತಿರುವುದು ಅಡ್ಡಹೆಸರು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದನ್ನು ನೋಡಿ ಬೆಳೆದ ನಮಗೆ ಇದು ಪರಕೀಯ ಅನ್ನಿಸುವುದೇ ಇಲ್ಲ.

ಇನ್ನೊಂದು ನಿಯಮವೂ ಇದೆ. ವಿದ್ಯೆ ಇದೆ ಅಂತ ಬಳಸೋ ಹಾಗಿಲ್ಲ. ಶಾಲೆಯಲ್ಲಿ ಗುರುಗಳು ಒಂದು ಕಲ್ಲನ್ನು ವಜ್ರದ ಹಾಗೆ ಕಾಣಿಸುತ್ತಾರೆ. ಗೆಡ್ ಕೇಳುತ್ತಾನೆ, ಇದನ್ನು ನಿಜವಾಗಿಯೂ ವಜ್ರವಾಗಿಯೇ ಉಳಿಸುವುದು ಹೇಗೆ? ಗುರುಗಳು ಹೇಳುವುದು, ಆಗುತ್ತದೆ, ಆದರೆ ಒಂದು ಕಲ್ಲು ಬದಲಾದರೂ ಲೋಕ ಬದಲಾಗುತ್ತದೆ, ಅದರ ಒಳ್ಳೆಯದು ಕೆಟ್ಟದ್ದು ಗೊತ್ತಾಗುವ ತನಕ ಕೈ ಹಾಕಬೇಡ ಅಂತ. ಇಲ್ಲಿ ಮಂತ್ರ ಹಾಕಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಹದಿಹರೆಯದ ಹುಡುಗನಿಗೆ ಇದೆಲ್ಲ ತಲೆಗೆ ಹೋಗುತ್ತದಾ? ಜಾಸ್ಪರ್ ಅನ್ನುವ ಸಹಪಾಠಿಯ ಮೇಲೆ ಜಿದ್ದಿಗೆ ಬಿದ್ದು, ರಾತ್ರಿ ಗುಡ್ಡದ ಮೇಲೆ ಸತ್ತವಳ ಆತ್ಮವನ್ನು ಕರೆಯುತ್ತಾನೆ. ಅವಳ ಜೊತೆ ಒಂದು ನೆರಳೂ ಒಳಗೆ ನುಗ್ಗುತ್ತದೆ. ಆ ಬಿರುಕು ಮುಚ್ಚೋಕೆ ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾರೆ. ಗೆಡ್‌ನ ಮುಖದ ಮೇಲೆ ಜೀವನಪೂರ್ತಿ ಗಾಯದ ಗುರುತು.

ನನಗೆ ತುಂಬಾ ಇಷ್ಟವಾದ ಪುಟ ಇದಾದ ಮೇಲೆ ಬರುತ್ತದೆ. ಗೆಡ್ ತಿಂಗಳುಗಟ್ಟಲೆ ಮಲಗಿ ಎದ್ದಿದ್ದಾನೆ. ಮಾತು ತೊದಲುತ್ತದೆ. ಜೊತೆಯ ಹುಡುಗರು ಮುಂದೆ ಹೋಗಿಯಾಗಿದೆ. ತನ್ನ ಮೇಲೆ ತನಗೇ ನಂಬಿಕೆ ಇಲ್ಲ. ವೆಚ್ ಓದು ಮುಗಿಸಿ ಊರಿಗೆ ಹೊರಟವನು ಬಂದು ಮಾತಾಡಿಸುತ್ತಾನೆ. ಉಪದೇಶ ಮಾಡುವುದಿಲ್ಲ, ಸಮಾಧಾನ ಹೇಳುವುದಿಲ್ಲ. ತನ್ನ ನಿಜವಾದ ಹೆಸರು ಹೇಳಿಬಿಡುತ್ತಾನೆ. ಎಸ್ಟಾರಿಯೊಲ್. ಪ್ರಾಣವನ್ನೇ ಕೈಗೆ ಕೊಟ್ಟ ಹಾಗೆ. ಗೆಳೆತನದ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ಲೆ ಗ್ವಿನ್‌ಗೆ ಒಂದು ಹೆಸರು ಸಾಕಾಯಿತು.

ಎರಡನೇ ಪುಸ್ತಕ ಟೆನಾರ್ ಅನ್ನುವ ಹುಡುಗಿಯದ್ದು. ಚಿಕ್ಕ ಮಗುವಾಗಿದ್ದಾಗಲೇ ಮನೆಯಿಂದ ಕರೆದೊಯ್ದು, ನೆಲದಡಿಯ ಕತ್ತಲೆಯ ಶಕ್ತಿಗಳಿಗೆ ಪೂಜಾರಿಣಿ ಮಾಡಿರುತ್ತಾರೆ. ದೀಪ ಹಚ್ಚಲೇಬಾರದ ಆ ಸುರಂಗದಲ್ಲಿ ಒಂದು ದಿನ ಬೆಳಕು ಕಾಣುತ್ತದೆ. ಮೂರನೆಯದು 1972ರಲ್ಲಿ. ಅದರಲ್ಲಿ ಗೆಡ್ ಲೋಕ ಉಳಿಸೋಕೆ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಡುತ್ತಾನೆ. ಅಲ್ಲಿಗೆ ತ್ರಿವಳಿ ಮುಗಿಯಿತು, ಪ್ರಶಸ್ತಿ ಬಂತು, ಎಲ್ಲರೂ ಖುಷಿ.

1990ರಲ್ಲಿ ನಾಲ್ಕನೆಯದು ಬಂತು. 'ತೆಹಾನು'. ಕೆಲವು ಹಳೇ ಅಭಿಮಾನಿಗಳಿಗೆ ಸಿಟ್ಟೇ ಬಂತು. ಯಾಕೆ ಅಂದರೆ, ಲೆ ಗ್ವಿನ್ ತಮ್ಮ ಲೋಕವನ್ನೇ ಕಟಕಟೆಗೆ ತಂದು ನಿಲ್ಲಿಸಿದ್ದರು. ಮೊದಲ ಪುಸ್ತಕದಲ್ಲಿ ಗಾಂಟ್ ದ್ವೀಪದ ಒಂದು ಗಾದೆ ಇದೆ, ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಅನ್ನುವ ಅರ್ಥದ್ದು. ರೋಕ್ ಶಾಲೆಯಲ್ಲಿ ಹುಡುಗಿಯರೇ ಇಲ್ಲ. ಇದನ್ನೆಲ್ಲ ಬರೆದವರೂ ಒಬ್ಬ ಹೆಂಗಸು. ಈ ಲೋಕದಲ್ಲಿ ಹೆಂಗಸರು ಎಲ್ಲಿ ಹೋದರು ಅಂತ 18 ವರ್ಷ ಆದ ಮೇಲೆ ತಮ್ಮನ್ನೇ ಕೇಳಿಕೊಂಡರು.

'ತೆಹಾನು'ವಿನಲ್ಲಿ ಹೆಚ್ಚು ಸಾಹಸ ಇಲ್ಲ. ಟೆನಾರ್ ಈಗ ನಡುವಯಸ್ಸಿನ ರೈತಾಪಿ ಹೆಂಗಸು, ಗಂಡ ತೀರಿಕೊಂಡಿದ್ದಾನೆ. ಸುಟ್ಟ ಗಾಯದ ಒಂದು ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಮಗುವಿಗೆ ಬೆಂಕಿ ಹಚ್ಚಿದ್ದು ಅದರವರೇ. ಶಕ್ತಿ ಕಳೆದುಕೊಂಡ ಗೆಡ್ ಡ್ರ್ಯಾಗನ್ ಬೆನ್ನ ಮೇಲೆ ಬಂದಿಳಿಯುತ್ತಾನೆ. ಮುಖ ತೋರಿಸೋಕೆ ನಾಚಿಕೆ ಪಟ್ಟು ಮೇಕೆ ಕಾಯೋಕೆ ಹೋಗುತ್ತಾನೆ. ಟೆನಾರ್ ಮಗ ಹಡಗಿನ ಕೆಲಸ ಬಿಟ್ಟು ಮನೆಗೆ ಬಂದವನು ಉಂಡ ತಟ್ಟೆ ತೊಳೆಯೋದಿಲ್ಲ, ಅದು ಹೆಂಗಸರ ಕೆಲಸ ಅನ್ನುತ್ತಾನೆ. ಲೋಕ ಉಳಿಸಿದ ಮಹಾಮಾಂತ್ರಿಕ ಇರುವ ಕಥೆಯಲ್ಲಿ ತಟ್ಟೆ ತೊಳೆಯುವ ಜಗಳ! ಹದಿನೆಂಟರಲ್ಲಿ ಓದಿದವರಿಗೆ ಇದು ಬೋರ್ ಹೊಡೆಯಬಹುದು. ಸಂಸಾರ ಸಾಗಿಸಿದವರು ಓದಿದರೆ ಆ ಅಡುಗೆಮನೆಯ ಪುಟಗಳು ಬೇರೆಯೇ ಥರ ಕಾಣುತ್ತವೆ. ಅಂದಹಾಗೆ, ಇದು ಅರ್ತ್‌ಸೀಯ ಕೊನೆಯ ಪುಸ್ತಕ ಅಂತ ಹೆಸರಿನ ಜೊತೆಗೇ ಹಾಕಿದ್ದರು. 2001ರಲ್ಲಿ ಇನ್ನೂ ಎರಡು ಬಂದವು. ಲೇಖಕರ ಮಾತು ಪೂರ್ತಿ ನಂಬಬೇಡಿ.

ಈಗ ಸ್ವಲ್ಪ ನಗೋಣ. ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್. 1983ರಿಂದ 2015ರವರೆಗೆ 41 ಕಾದಂಬರಿ. ಆಮೆಯ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಚಪ್ಪಟೆ ಲೋಕ. ಶುರುವಿನ ಪುಸ್ತಕಗಳು ಬರೀ ಫ್ಯಾಂಟಸಿಯ ಅಣಕ. ಆಮೇಲೆ ಅಣಕ ಮಾಡುತ್ತಲೇ ಪ್ರಾಚೆಟ್‌ಗೆ ಆ ಲೋಕದ ಅಂಕ್-ಮೋರ್‌ಪೋರ್ಕ್ ಅನ್ನುವ ಊರಿನ ಮೇಲೆ ಪ್ರೀತಿ ಹುಟ್ಟಿದೆ. ಊರಿಗೆ ಪೊಲೀಸರು ಬರುತ್ತಾರೆ, ಪತ್ರಿಕೆ ಬರುತ್ತದೆ, ಅಂಚೆ, ಬ್ಯಾಂಕು, ಕೊನೆಗೆ ರೈಲೂ ಬರುತ್ತದೆ.

1993ರ 'ಮೆನ್ ಅಟ್ ಆರ್ಮ್ಸ್'ನಲ್ಲಿ ಪೊಲೀಸ್ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ಬೂಟಿನ ಲೆಕ್ಕ ಹಾಕುತ್ತಾನೆ. ಅವನ ಸಂಬಳ ತಿಂಗಳಿಗೆ 38 ಡಾಲರ್. ಒಳ್ಳೆಯ ಬೂಟು 50 ಡಾಲರ್, ವರ್ಷಗಟ್ಟಲೆ ಬಾಳುತ್ತದೆ. ಕಳಪೆ ಬೂಟು 10 ಡಾಲರ್, ಒಂದೆರಡು ಮಳೆಗಾಲಕ್ಕೆ ತೂತು. ದುಡ್ಡಿರುವವನು ಒಂದೇ ಸಲ 50 ಕೊಟ್ಟು ಹತ್ತು ವರ್ಷ ಕಾಲು ಬೆಚ್ಚಗೆ ಇಟ್ಟುಕೊಳ್ಳುತ್ತಾನೆ. ಬಡವ ಅದೇ ಹತ್ತು ವರ್ಷದಲ್ಲಿ 100 ಖರ್ಚು ಮಾಡಿರುತ್ತಾನೆ, ಕಾಲು ಮಾತ್ರ ಒದ್ದೆ. ಬಡತನ ಯಾಕೆ ದುಬಾರಿ ಅಂತ ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿದ್ದು ಒಂದು ಹಾಸ್ಯದ ಫ್ಯಾಂಟಸಿ.

2007ರಲ್ಲಿ ತಮಗೆ ಆಲ್‌ಝೈಮರ್ಸ್ ಬಂದಿದೆ ಅಂತ ಪ್ರಾಚೆಟ್ ಎಲ್ಲರಿಗೂ ತಿಳಿಸಿದರು. ಟೈಪ್ ಮಾಡೋಕೆ ಆಗದೇ ಹೋದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್‌ನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತ ಬರಹಗಳಿದ್ದ ಹಾರ್ಡ್ ಡಿಸ್ಕನ್ನು ಸ್ಟೀಮ್ ರೋಲರ್ ಹತ್ತಿಸಿ ಪುಡಿ ಮಾಡಬೇಕು ಅನ್ನುವುದು ಅವರ ಆಸೆಯಾಗಿತ್ತು. 2017ರಲ್ಲಿ ಹಾಗೆಯೇ ಮಾಡಿದರು.

ಎಲ್ಲಾ ಲೇಖಕರೂ ಹಾಗಲ್ಲ. 'ವ್ಹೀಲ್ ಆಫ್ ಟೈಮ್' ಬರೆದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಕಥೆ ಬಾಕಿ ಇತ್ತು. ಅವರ ಟಿಪ್ಪಣಿ ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಇನ್ನೂ ಮೂರು ಸಂಪುಟ ಬರೆದು 2013ಕ್ಕೆ ಮುಗಿಸಿದರು. ಜಾರ್ಜ್ ಮಾರ್ಟಿನ್ ತಮ್ಮ 'ಗೇಮ್ ಆಫ್ ಥ್ರೋನ್ಸ್' ಸರಣಿಯ ಐದನೇ ಪುಸ್ತಕ ಕೊಟ್ಟದ್ದು 2011ರಲ್ಲಿ. ಆರನೆಯದರ ಬಗ್ಗೆ ಅಭಿಮಾನಿಗಳ ಹತ್ತಿರ ಮಾತೆತ್ತಬೇಡಿ, ಜಗಳವಾಗುತ್ತದೆ. ಕಾಯುವುದು ನಮಗೇನೂ ಹೊಸದಲ್ಲ. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಮಾಯಾಲೋಕದ ಧಾರಾವಾಹಿಗಳು ಕನ್ನಡ ಚಂದಮಾಮಕ್ಕೂ ಬರುತ್ತಿದ್ದವಲ್ಲ, ಅದಕ್ಕೆ ತಿಂಗಳಿಡೀ ಕಾದವರು ನಮ್ಮ ಮನೆಗಳಲ್ಲೇ ಇದ್ದಾರೆ.

ಇನ್ನು ಎಲ್ಲಿಂದ ಶುರು ಮಾಡುವುದು? ಟೋಲ್ಕಿನ್ ಆದರೆ 'ಹಾಬಿಟ್'ನಿಂದ. ಡಿಸ್ಕ್‌ವರ್ಲ್ಡ್ ಆದರೆ ಮೊದಲನೆಯದು ಬಿಟ್ಟು 'ಗಾರ್ಡ್ಸ್! ಗಾರ್ಡ್ಸ್!' ಹಿಡಿಯಿರಿ, ವೈಮ್ಸ್ ಅಲ್ಲೇ ಸಿಗುತ್ತಾನೆ. ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಅರ್ತ್‌ಸೀ ಮಾತ್ರ ಒಂದರಿಂದಲೇ, ಕ್ರಮ ತಪ್ಪದ ಹಾಗೆ ಓದಿ. ಮೂರನೆಯದು ಮುಗಿದ ತಕ್ಷಣ ನಾಲ್ಕನೆಯದಕ್ಕೆ ಕೈ ಹಾಕಬೇಡಿ, ನಡುವೆ ಸ್ವಲ್ಪ ಬಿಡುವು ಕೊಡಿ. ಲೆ ಗ್ವಿನ್ 18 ವರ್ಷ ತೆಗೆದುಕೊಂಡರು. ನಿಮಗೆ 18 ದಿನ ಸಾಕು.