ಮಗುವನ್ನು ಒಪ್ಪಿಸಿ ಬಂದ ಮೇಲೆ ವಾಪಸ್ ಪಡೆಯಬಹುದಾ?

(ಪರದೆ ಮೇಲೆ: ಗೋಡೆ ಕ್ಯಾಲೆಂಡರ್. ಒಂದು ತಾರೀಖಿನ ಸುತ್ತ ಕೆಂಪು ಗುರುತು.)

ನಮಸ್ಕಾರ. ಸಾಕಲು ಆಗದೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿ ಬಂದಿದ್ದೀರಿ. ಈಗ ನಿದ್ದೆ ಬರುತ್ತಿಲ್ಲ, ಮಗು ಬೇಕು ಅನ್ನಿಸುತ್ತಿದೆ. "ಸಹಿ ಹಾಕಿದ್ದಾಯ್ತಲ್ಲ, ಇನ್ನೇನೂ ಮಾಡೋಕಾಗಲ್ಲ" ಅಂತ ಯಾರೋ ಹೇಳಿರುತ್ತಾರೆ. ಆ ಮಾತು ನಂಬಿ ಸುಮ್ನೆ ಕೂರಬೇಡಿ. ಮೊದಲು ಆ ಪತ್ರದ ಮೇಲಿರುವ ತಾರೀಖು ನೋಡಿ.

2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 35 ಹೆತ್ತವರಿಗೆ ಎರಡು ತಿಂಗಳು ಸಮಯ ಕೊಡುತ್ತದೆ. ಒಪ್ಪಿಸಿದ್ದು ಸರಿಯಾ ಅಂತ ಮತ್ತೆ ಯೋಚಿಸಲು ಇರುವ ಸಮಯ ಅದು. ದತ್ತು ನಿಯಮಗಳಲ್ಲಿ ಇದು 60 ದಿನ. ನೀವು 60 ಅಂತಲೇ ಲೆಕ್ಕ ಹಾಕಿ, ಕೊನೇ ದಿನದವರೆಗೆ ಕಾಯಬೇಡಿ. ಈ ಸಮಯದಲ್ಲಿ ಮಗುವನ್ನು ಯಾರಿಗೂ ದತ್ತು ಕೊಡುವಂತಿಲ್ಲ. ಆರು ವರ್ಷದೊಳಗಿನ ಮಗು ದತ್ತು ಸಂಸ್ಥೆಯಲ್ಲಿರುತ್ತದೆ, ಅದಕ್ಕಿಂತ ದೊಡ್ಡದು ಬಾಲಮಂದಿರದಲ್ಲಿ.

(ಪರದೆ ಮೇಲೆ: ಕೈಬರಹದ ಅರ್ಜಿ. ಮೂಲೆಯಲ್ಲಿ ಸೀಲು, ತಾರೀಖು.)

ಹಾಗಾದರೆ ಹೋಗಬೇಕಾದ್ದು ಎಲ್ಲಿಗೆ? ತುಂಬಾ ಜನ ದತ್ತು ಸಂಸ್ಥೆಗೆ ಫೋನ್ ಮಾಡಿ, ಅಲ್ಲಿ ಯಾರೋ "ನೋಡೋಣ" ಅಂದರೆ ಸಮಾಧಾನವಾಗಿ ಬಿಡುತ್ತಾರೆ. ಅಷ್ಟು ಸಾಲದು. ತೀರ್ಮಾನ ಮಾಡುವುದು ನಿಮ್ಮಿಂದ ಸಹಿ ಪಡೆದ ಸಮಿತಿ. ಅಲ್ಲಿಗೇ ಹೋಗಿ. "ಮಗುವನ್ನು ವಾಪಸ್ ಕೊಡಿ, ನಾನು ಸಾಕುತ್ತೇನೆ" ಅಂತ ಬರೆದು ಕೊಡಿ. ಭಾಷೆ ಚೆನ್ನಾಗಿರಬೇಕು ಅಂತೇನಿಲ್ಲ. ಆದರೆ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಅದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ನೀವು ಸಮಯದೊಳಗೇ ಕೇಳಿದಿರಿ ಅನ್ನೋದಕ್ಕೆ ನಾಳೆ ಅದೊಂದೇ ಸಾಕ್ಷಿ ಆಗಬಹುದು.

ಸಮಿತಿ ಪ್ರಶ್ನೆ ಕೇಳುತ್ತದೆ. ಮಗು ಎಲ್ಲಿರುತ್ತದೆ? ನೀವು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರು ಯಾರು? ಅವತ್ತು ಯಾವ ಕಷ್ಟಕ್ಕೆ ಒಪ್ಪಿಸಿದಿರಿ, ಅದರಲ್ಲಿ ಈಗ ಏನು ಬದಲಾಗಿದೆ? ಈ ಕೊನೇ ಪ್ರಶ್ನೆಗೆ ಜಾಸ್ತಿ ತಯಾರಿ ಬೇಕು. ತಾಯಿ ಮನೆಯವರು ಈಗ ಜೊತೆಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ದುಡ್ಡೇ ಕಷ್ಟವಾಗಿದ್ದರೆ ಅದನ್ನು ಮುಚ್ಚಿಡಬೇಡಿ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದು ನೆರವಿದೆ, ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಬರೀ ಬಡತನಕ್ಕೆ ಒಂದು ಮಗು ತಾಯಿಯಿಂದ ದೂರ ಆಗಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ಭಯ ಇರುತ್ತದೆ, ಅಲ್ವಾ? ವಾಪಸ್ ಕೇಳಲು ಹೋದರೆ, ಮಗುವನ್ನು ಬಿಟ್ಟವಳು ಅಂತ ನನ್ನ ಮೇಲೇ ಕೇಸು ಹಾಕಿದರೆ? ಸಮಿತಿಯ ಮುಂದೆ ಒಪ್ಪಿಸುವುದು ಅಪರಾಧ ಅಲ್ಲ, ಅದು ಕಾನೂನೇ ತೋರಿಸಿದ ದಾರಿ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟ ಹೆತ್ತವರಿಗೂ ಅದೇ ಕಾಯ್ದೆಯ ಸೆಕ್ಷನ್ 75ರಲ್ಲಿ ರಕ್ಷಣೆ ಇದೆ. ಧೈರ್ಯವಾಗಿ ಹೋಗಿ.

(ಪರದೆ ಮೇಲೆ: 61ನೇ ದಿನ.)

60 ದಿನ ದಾಟಿದ್ದರೆ ದಾರಿ ಕಷ್ಟದ್ದು. ಮಗು ದತ್ತು ಹೋಗಲು ಕಾನೂನಿನ ಪ್ರಕಾರ ಮುಕ್ತ ಅಂತ ಸಮಿತಿ ಆದೇಶ ಮಾಡಬಹುದು. ಆದರೂ ಅವತ್ತೇ ವಕೀಲರನ್ನು ಕಾಣಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಒಪ್ಪಿಸುವಾಗ ನಿಯಮ ತಪ್ಪಿದೆಯಾ ಅಂತ ಅವರು ನೋಡಬೇಕು. ಮದುವೆಯಾದವರಾದರೆ ಇಬ್ಬರ ಸಹಿಯೂ ಬೇಕಿತ್ತು. ಬೆದರಿಸಿ ಸಹಿ ಹಾಕಿಸಿದ್ದರೆ ಅದನ್ನೂ ಹೇಳಿ. 2021ರಲ್ಲಿ ಕೇರಳ ಹೈಕೋರ್ಟಿಗೆ ಇಂಥ ಪ್ರಕರಣ ಬಂತು. ಮದುವೆಯಾಗದೆ ಜೊತೆಗಿದ್ದ ಜೋಡಿಯಲ್ಲಿ ತಾಯಿ ಒಬ್ಬರೇ ಸಹಿ ಹಾಕಿದ್ದರು. ಅವರನ್ನೂ ದಂಪತಿ ಅಂತಲೇ ನೋಡಬೇಕಿತ್ತು ಅಂತ ಹೇಳಿ, ಕೋರ್ಟ್ ದತ್ತು ಮುಕ್ತ ಅನ್ನುವ ಸಮಿತಿಯ ಆದೇಶವನ್ನು ರದ್ದು ಮಾಡಿತು.

ಸಮಿತಿಗೆ ಹೋಗದೆ, ನೆಂಟರಿಗೋ ಮಧ್ಯವರ್ತಿಗೋ ಮಗುವನ್ನು ಕೈಗೆ ಕೊಟ್ಟಿದ್ದೀರಾ? ಹಾಗೆ ಸುಮ್ನೆ ಕೈಗೆ ಕೊಟ್ಟ ಮಾತ್ರಕ್ಕೆ ಹೆತ್ತವರ ಹಕ್ಕು ಹೋಗುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ದತ್ತು ಆದೇಶವೇ ಆಗಿಬಿಟ್ಟಿದ್ದರೆ ಸುಳ್ಳು ಆಸೆ ಕೊಡಲಾರೆ. 2022ರ ಸೆಪ್ಟೆಂಬರ್‌ನಿಂದ ಆ ಆದೇಶ ಮಾಡುವುದು ಜಿಲ್ಲಾಧಿಕಾರಿ. ಆ ದಿನದಿಂದ ಮಗು ಕಾನೂನಿನಲ್ಲಿ ಆ ಮನೆಯದು. ಮನಸ್ಸು ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಅದು ರದ್ದಾಗುವುದಿಲ್ಲ. ಆದರೆ 18 ತುಂಬಿದ ಮೇಲೆ ಆ ಮಗು ತಾನಾಗಿ ಹೆತ್ತವರನ್ನು ಹುಡುಕಲು ಅರ್ಜಿ ಹಾಕಬಹುದು.